ಹೊಗೆಗೆ ಹಿಡಿದ ಬಟ್ಟೆ

ವೈಜು, ಅಂದು ಔರಾದಿನ ಬಯಲಿನಲ್ಲಿ ನಿನ್ನ ರೇಸ್ ಕಾರಿನ ಹೊಗೆ ನೋಡಿ ನಾನು ಹೇಳಿದ್ದು ಸುಳ್ಳು. ಗೊತ್ತಿದ್ದೂ ಹೇಳಿದೆ. ಒಂಬತ್ತು ವರ್ಷವಾಯಿತು — ಇನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರೆ.

ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು ನಾನು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದು. ಹೊಗೆಯ ವಿಷಯದಲ್ಲಿ ಮಾತ್ರ ನಾನು ತಪ್ಪುವವಳಲ್ಲ. ಭಾಲ್ಕಿಯ ನಮ್ಮ ಗ್ಯಾರೇಜಿನಲ್ಲಿ ಅಪ್ಪ ಕಲಿಸಿದ ಪದ್ಧತಿ ಅದು: ಇಂಜಿನ್ ಕಾದ ಮೇಲೆ ಸೈಲೆನ್ಸರಿನ ಬಾಯಿಗೆ ಬಿಳಿ ಬಟ್ಟೆ ಹಿಡಿಯುವುದು. ಒಣ ಮಸಿ ಕೂತರೆ ಪೆಟ್ರೋಲ್ ಹೆಚ್ಚಾಗಿದೆ. ಹೊಗೆ ನೀಲಿಯಾಗಿ ಜಿಡ್ಡು ಅಂಟಿದರೆ ಆಯಿಲ್ ಉರಿಯುತ್ತಿದೆ. ಬಟ್ಟೆ ಒದ್ದೆಯಾಗಿ ಸಿಹಿ ವಾಸನೆ ಬಂದರೆ — ಹೆಡ್ ಗ್ಯಾಸ್ಕೆಟ್ ಒಡೆದು ರೇಡಿಯೇಟರಿನ ನೀರು ಇಂಜಿನ್ನಿನೊಳಗೆ ಇಳಿಯುತ್ತಿದೆ, ಗಾಡಿ ಓಡಿಸಬಾರದು. ನಾನು ಬಟ್ಟೆ ಮೂಸಿ ಹೂಂ ಅನ್ನದೆ ನೀನು ಎಂದೂ ರೇಸಿಗೆ ಇಳಿದವನಲ್ಲ.

ಅಂದು ಬೆಳಿಗ್ಗೆ ಹೈದರಾಬಾದಿನ ರೇಸಿನವರು ತಮ್ಮ ತಂಡಕ್ಕೆ ಸೇರಿಸಿಕೊಳ್ಳಲು ನಿನ್ನನ್ನು ನೋಡಲು ಬಂದಿದ್ದರು. ಬಟ್ಟೆ ಹಿಡಿದು ನಿಂತಿದ್ದ ನನ್ನನ್ನು ತೋರಿಸಿ, ಇವರು ಯಾರು ಎಂದು ಕೇಳಿದರು. ನೀನು ನನ್ನ ಕಡೆ ನೋಡಲಿಲ್ಲ.

"ನಮ್ಮ ಅಕ್ಕರಿ. ಬುತ್ತಿ ತಂದಾಳ."

ಅವರಲ್ಲೊಬ್ಬ ಬುತ್ತಿಯಲ್ಲಿ ಏನಿದೆ ಎಂದು ನಗುತ್ತಾ ಕೇಳಿದ. ನಾನೂ ನಕ್ಕೆ.

ಆಮೇಲೆ ಬಟ್ಟೆಯನ್ನು ಸೈಲೆನ್ಸರಿನ ಬಾಯಿಗೆ ಹಿಡಿದೆ. ಇಂಜಿನ್ ಚೆನ್ನಾಗಿ ಕಾದಿತ್ತು, ಆದರೂ ಬಿಳಿ ಹೊಗೆ ನಿಂತಿರಲಿಲ್ಲ. ಗಾಳಿಯಿಲ್ಲದ ಬಯಲು, ಹೊಗೆ ಮೇಲೇರದೆ ನೆಲ ಹಿಡಿದು ಬಂದು ನನ್ನ ಪಾದಗಳನ್ನು ಸುತ್ತಿಕೊಂಡಿತು. ಬಟ್ಟೆ ಒದ್ದೆ. ಸಿಹಿ ವಾಸನೆ. ಹೆಲ್ಮೆಟ್ ಹಾಕಿಕೊಳ್ಳುತ್ತಾ ನೀನು ಕೇಳಿದೆ: "ಹ್ಯಾಂಗ ಅದ ಅಕ್ಕಾ?"

"ಥಂಡಿ ಅದ, ಬರೇ ಹಬಿ. ಹೋಗು."

ಇಂಜಿನ್ ಕುದಿದು ನಡುವೆ ನಿಲ್ಲುತ್ತದೆ, ಅವರ ಮುಂದೆ ನೀನು ತಲೆ ತಗ್ಗಿಸುತ್ತೀಯ — ಅಷ್ಟೇ ಅಂದುಕೊಂಡಿದ್ದೆ. ಮೂರನೆಯ ಸುತ್ತಿನ ತಿರುವಿನಲ್ಲಿ ಇಂಜಿನ್ ಒಮ್ಮೆಲೇ ಹಿಡಿದುಕೊಂಡು, ಚಕ್ರಗಳು ಬಿಗಿದು, ಕಾರು ಉರುಳೀತೆಂದು... ಅಷ್ಟು ದೂರ ಯೋಚಿಸಲಿಲ್ಲ. ಯೋಚಿಸುವ ಮನಸ್ಸಿರಲಿಲ್ಲ.

ಬೀದರಿನ ಆಸ್ಪತ್ರೆಯಲ್ಲಿ ಎಚ್ಚರವಾದಾಗ ನೀನು ಮೊದಲು ಅಂದದ್ದು: "ಹೆಡ್ ಗ್ಯಾಸ್ಕೆಟ್ಟಿನ ಬೋಲ್ಟ ನಾನೇ ಸರಿಯಾಗಿ ಬಿಗಿದಿದ್ದಿಲ್ಲ, ಅಕ್ಕಾ." ನಾನು ನಿನ್ನ ಹೊದಿಕೆ ಎಳೆದು ಸರಿಮಾಡಿದೆ. ಅಂದಿನಿಂದ ನೀನು ಬೋಲ್ಟು ಬಿಗಿಯುವ ಪಾನಾ ಮುಟ್ಟಿಲ್ಲ. ಬಲಗೈ ಮಡಚಲಾಗುವುದಿಲ್ಲ, ಅದಕ್ಕೇ ಎಂದು ಜನ ತಿಳಿದಿದ್ದಾರೆ. ಅಲ್ಲ — ನಿನ್ನ ಕೈಕೆಲಸದ ಮೇಲೆ ನಿನಗೇ ನಂಬಿಕೆ ಹೋಗಿದೆ. ಅದನ್ನು ನೋಡುತ್ತಲೇ ನಿನಗೆ ಒಂಬತ್ತು ವರ್ಷ ರೊಟ್ಟಿ ಬಡಿಸಿದ್ದೇನೆ.

ಆ ಕಾರು ಹಿತ್ತಲಲ್ಲಿ ತುಕ್ಕು ಹಿಡಿದಿದೆ. ಇಂಜಿನ್ ಬಿಚ್ಚಿ ಎಂದೋ ಗುಜರಿಗೆ ಹಾಕಿದ್ದೇವೆ. ಆದರೂ ಥಂಡಿಯ ದಿನಗಳಲ್ಲಿ ಬೆಳಿಗ್ಗೆ ಕಸ ಗುಡಿಸಲು ಹೋದರೆ ಅದರ ಸೈಲೆನ್ಸರಿನಿಂದ ಒಂದು ಬಿಳಿ ಎಳೆ ಇಳಿಯುತ್ತದೆ, ನೆಲ ಹಿಡಿದು ನನ್ನ ಕಾಲ ಕಡೆಗೇ ಬರುತ್ತದೆ. ಬರೀ ಹಬೆ ಎಂದುಕೊಳ್ಳುತ್ತೇನೆ — ನಿನಗೆ ಹೇಳಿದ ಅದೇ ಮಾತು. ಪೆಟ್ಟಿಗೆಯ ತಳದಲ್ಲಿ ಆ ಬಟ್ಟೆಯಿದೆ. ಎಷ್ಟು ಸಲ ಬಿಸಿಲಿಗೆ ಹಾಕಿ ಮಡಚಿಟ್ಟೆನೋ... ತೆಗೆದಾಗಲೆಲ್ಲ ನಡುವೆ ಅಂಗೈಯಷ್ಟು ತೇವ. ಅದೇ ಸಿಹಿ.

ಈ ಕಾಗದವನ್ನು ಆ ಬಟ್ಟೆಯಲ್ಲಿ ಸುತ್ತಿ ನಿನ್ನ ಹಾಸಿಗೆಯ ಬಳಿ ಇಡುತ್ತೇನೆ. ಓದಿದ ಮೇಲೆ ಬಟ್ಟೆ ಮೂಸಿ ನೋಡು. ಬೋಲ್ಟುಗಳನ್ನು ನೀನು ಸರಿಯಾಗಿ ಬಿಗಿದಿದ್ದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಗಾಡಿ ನಿಲ್ಲಿಸುವ ಕೆಲಸ ನನ್ನದಾಗಿತ್ತು.

ನಾನು ಹಿತ್ತಲಲ್ಲಿ, ಕಾರಿನ ಹತ್ತಿರ ಕೂತಿರುತ್ತೇನೆ.