ಮೂಲೆ ಕ್ಯಾಬಿನ್ನಿನ ಗಿರಿಜಕ್ಕ

ಓಂಕಾರಪ್ಪ ಮೇಷ್ಟ್ರು ಮದುವೆ ಊಟದ ಪಂಕ್ತಿಯಲ್ಲೂ ವಿಷಲ್ ಊದಿದವರು. ಹೊಳಲ್ಕೆರೆಯ ಕಲ್ಯಾಣ ಮಂಟಪ. ಮೊದಲ ಪಂಕ್ತಿಯವರು ಇನ್ನೂ ಪಾಯಸಕ್ಕೆ ಬಂದಿರಲಿಲ್ಲ, ಆಗಲೇ ಎರಡನೇ ಪಂಕ್ತಿಯವರು ಅವರ ಬೆನ್ನ ಹಿಂದೆ ಬಂದು ನಿಂತು, ಇವರು ಯಾವಾಗ ಏಳುತ್ತಾರೋ ಎಂದು ಕಣ್ಣಲ್ಲೇ ತಳ್ಳುತ್ತಿದ್ದರು. ಮೇಷ್ಟ್ರು ಎಡಗೈಯಲ್ಲಿ ಜೇಬಿನಿಂದ ವಿಷಲ್ ತೆಗೆದು ಒಮ್ಮೆ ಊದಿದರು. ಬಡಿಸುವವರು ಸೌಟು ಹಿಡಿದಲ್ಲೇ ನಿಂತರು. "ಉಣ್ಣೋರ ಬೆನ್ನ ಹಿಂದೆ ನಿಲ್ಬಾರ್ದು. ಎಲ್ಲಾ ಗೋಡೆ ಕಡೆ ಹೋಗ್ರಿ, ಸಾಲಾಗಿ" ಎಂದರು. ಜನ ಹೋದರು. ಎಲೆಯ ಮುಂದೆ ಕೂತಿದ್ದ ಮದುಮಗನೂ ಎದ್ದು ನೆಟ್ಟಗೆ ನಿಂತುಬಿಟ್ಟ. ಪಾಪ, ಅವನೂ ಅವರ ಹಳೇ ವಿದ್ಯಾರ್ಥಿ.

ನಾನೂ ಅವರ ವಿದ್ಯಾರ್ಥಿನಿಯೇ. ತೊಂಬತ್ತರ ದಶಕದಲ್ಲಿ ನಮ್ಮ ಹೈಸ್ಕೂಲಿನ ಪಿಟಿ ಮೇಷ್ಟ್ರು ಅವರು. ಊರು ತಾಳ್ಯ. ದಿನಾ ಬೆಳಗಿನ ಬಸ್ಸಿಗೆ ಬಂದು, ನಾವು ಬರುವಷ್ಟರಲ್ಲಿ ಗ್ರೌಂಡಿನ ನಡುವೆ ನಿಂತಿರುತ್ತಿದ್ದರು. ಬಿಳೀ ಪ್ಯಾಂಟು, ಬಿಳೀ ಬೂಟು, ಅವೆರಡಕ್ಕೂ ಹೊಂದದ ಕಪ್ಪು ಮೀಸೆ. ಓಡುವಾಗ ಬಿದ್ದು ಮೊಣಕಾಲು ತರಚಿಕೊಂಡು ಅತ್ತರೆ ಅವರ ಮಾತು ಒಂದೇ: "ಅಳೋದ್ಯಾಕೆ? ಅದೇ ನೀರು ಬೆವರಾಗಿ ಹೋದ್ರೆ ಮೈಗಾದ್ರೂ ಒಳ್ಳೇದು." ಹೀಗೆ ಹೇಳುವವರಿಗೆ ಮನೆಯಲ್ಲಿ ಹೆಂಡತಿ ಇದ್ದಾರೆ, ಅವರ ಜತೆ ಮಾತಾಡುತ್ತಾರೆ ಎಂಬುದನ್ನೆಲ್ಲ ನಮಗೆ ಊಹಿಸಿಕೊಳ್ಳಲಿಕ್ಕೂ ಆಗುತ್ತಿರಲಿಲ್ಲ.

ಆ ಕಾಲದಲ್ಲಿ ನಮ್ಮ ಪ್ರಾಣವೆಲ್ಲ ವಾರಪತ್ರಿಕೆಯ ಧಾರಾವಾಹಿಗಳಲ್ಲಿತ್ತು. ಗೆಳತಿಯರೆಲ್ಲ ಸೇರಿ ಒಂದೇ ಪತ್ರಿಕೆ ಕೊಳ್ಳುತ್ತಿದ್ದೆವು. ಅದು ಸಮಾಜ ಪುಸ್ತಕದ ಹೊಟ್ಟೆಯೊಳಗೆ ಕೂತು ಬೆಂಚಿನಿಂದ ಬೆಂಚಿಗೆ ಪ್ರಯಾಣ ಮಾಡುತ್ತಿತ್ತು. ಮೇಷ್ಟ್ರಿಗೆ ಅದರ ವಾಸನೆ ಹತ್ತಿತು. ಪತ್ರಿಕೆ ಬರುವ ಗುರುವಾರವೇ ಚೀಲ ತಪಾಸಣೆ. ಹಿಡಿದರು, ಜಪ್ತಿ ಮಾಡಿದರು. ಮುಂದಿನ ವಾರ ನಾವು ಬುದ್ಧಿ ಕಲಿತು ತರಲೇ ಇಲ್ಲ. ಮೇಷ್ಟ್ರು ಚೀಲಗಳನ್ನೆಲ್ಲ ತಲೆಕೆಳಗು ಮಾಡಿ ನೋಡಿ, ನನ್ನ ಮುಂದೆ ನಿಂತು, "ಈ ವಾರದ್ದು ಎಲ್ಲೈತೆ?" ಎಂದರು. ತಂದಿಲ್ಲ ಸಾರ್ ಎಂದೆ. ಅವರ ಮುಖದಲ್ಲಿ ಸಿಟ್ಟಿನ ಬದಲು ಬೇರೇನೋ ಬಂತು. "ತರ್ಬೇಕು. ತಂದ್ರೆ ತಾನೇ ಜಪ್ತಿ ಮಾಡಾಕಾಗೋದು?" ಎಂದು ಹೇಳಿ ಹೋದರು. ನಾವು ಇದನ್ನು ಕಟ್ಟುನಿಟ್ಟು ಎಂದುಕೊಂಡೆವು. ದಡ್ಡಿಯರು.

ಅದು ಕಟ್ಟುನಿಟ್ಟಲ್ಲ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಚಿತ್ರದುರ್ಗದಲ್ಲಿ ಕಂಪ್ಯೂಟರ್ ಕಲಿತು ಬಂದು, ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೊಂದು ಸೈಬರ್ ಸೆಂಟರ್ ಇಟ್ಟಿದ್ದೆ. ಪ್ಲೈವುಡ್ಡಿನ ಕ್ಯಾಬಿನ್‌ಗಳು, ಒಂದೊಂದಕ್ಕೂ ಹೂವಿನ ಪರದೆ. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಬಿಳೀ ಬೂಟು ಕಾಣಿಸಿತು. ನಾನು ಕುರ್ಚಿಯಿಂದ ಎದ್ದು ಅಟೆನ್ಷನ್‌ನಲ್ಲಿ ನಿಂತೆ.

"ಕುಂತ್ಕ, ಕುಂತ್ಕ ಶೋಭಾ" ಎಂದರು. ಸುತ್ತ ನೋಡಿ ದನಿ ಇಳಿಸಿದರು. "ಇದ್ರಾಗೆ ಕಥೆ ಓದಾಕೆ ಸಿಗ್ತಾವಂತೆ, ಹೌದಾ? ಪೇಪರ್‌ನಾಗೆ ಬಂದಿತ್ತು."

ಸಿಗುತ್ತಿದ್ದವು. ದೂರದೂರಿಗೆ ಹೋದ ಕನ್ನಡದವರು ಸೇರಿ ನಡೆಸುತ್ತಿದ್ದ ಒಂದು ಪುಟವಿತ್ತು. ಮೊದಲು ನೋಡಿದಾಗ ಬರೀ ಚೌಕುಳಿ ಚೌಕುಳಿ. "ಇದೇನಮ್ಮ, ಲೂಡೋ ಹಾಸಿದಂಗೈತೆ" ಎಂದರು. ನಾನು ಕನ್ನಡದ ಫಾಂಟ್ ಹಾಕಿಕೊಟ್ಟೆ. ಅಕ್ಷರಗಳು ಮೂಡಿದವು. ಅಲ್ಲಿ ಸೋಮವಾರಕ್ಕೊಂದು ಕಂತಿನಂತೆ ಒಂದು ಧಾರಾವಾಹಿ ಬರುತ್ತಿತ್ತು. ವಸುಧಾ ಎಂಬ ಸೊಸೆ, ಅವಳ ಬಾಳು ಹಾಳುಮಾಡಲೆಂದೇ ಹುಟ್ಟಿದ ಒಬ್ಬ ವಾರಗಿತ್ತಿ. ಮೇಷ್ಟ್ರು ಮೂಲೆ ಕ್ಯಾಬಿನ್ ಹಿಡಿದು ಪರದೆ ಎಳೆದುಕೊಂಡರು. ಅಂದಿನಿಂದ ಸೋಮವಾರ ಶಾಲೆ ಬಿಟ್ಟ ಮೇಲೆ ಆ ಕ್ಯಾಬಿನ್ ಅವರದೇ. ಒಳಗಿಂದ ಮೂಗು ಏರಿಸುವ ಸದ್ದು ಬರುತ್ತಿತ್ತು. ಬೆವರಿನ ಪಾಠ ಹೇಳಿದವರು ಇವರೇ ಏನು ಎಂದು ನಾನು ಕೌಂಟರಿನಲ್ಲಿ ತುಟಿ ಕಚ್ಚಿಕೊಳ್ಳುತ್ತಿದ್ದೆ.

ಒಂದು ಸೋಮವಾರ ವಾರಗಿತ್ತಿ ವಸುಧಾಳ ಒಡವೆ ಬಚ್ಚಿಟ್ಟು ಅವಳನ್ನೇ ಕಳ್ಳಿ ಮಾಡಿದಳು. ಮೂಲೆ ಕ್ಯಾಬಿನ್ನಿನಿಂದ ವಿಷಲ್ ಕೇಳಿಸಿತು. ಫೌಲ್ ಆಗಿದೆ, ರೆಫ್ರಿ ಊದಿದರು, ಅಷ್ಟೇ. ಆದರೆ ಉಳಿದ ಕ್ಯಾಬಿನ್‌ಗಳಲ್ಲಿದ್ದ ಪಿಯುಸಿ ಹುಡುಗರೆಲ್ಲ ಅವರ ಕೈಲಿ ಪಳಗಿದವರು. ಪರದೆಗಳು ಹಾರಿದವು, ಒಬ್ಬ ಚಪ್ಪಲಿ ಬಿಟ್ಟು ಮೆಟ್ಟಿಲಿಳಿದ. ಆ ಹುಡುಗರು ನೋಡುತ್ತಿದ್ದುದು ಏನೆಂದು ನಾನು ಕೇಳಲಿಲ್ಲ. ಆ ವಾರ ಪೂರ್ತಿ ವ್ಯಾಪಾರ ಬಿದ್ದುಹೋಯಿತು.

ಕಥೆಯ ಕೆಳಗೆ ಓದುಗರು ಅಭಿಪ್ರಾಯ ಬರೆಯುವ ಜಾಗವಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದರು. ಮೇಷ್ಟ್ರಿಗೆ ಕೀಬೋರ್ಡಿನ ಮೇಲೆ ಬೆರಳು ಓಡುತ್ತಿರಲಿಲ್ಲ, ಹಾಗಾಗಿ ಅವರು ಹೇಳಬೇಕು, ನಾನು ಒತ್ತಬೇಕು. ಹೆಸರು ಏನು ಹಾಕಲಿ ಎಂದು ಕೇಳಿದೆ. ಸ್ವಲ್ಪ ಹೊತ್ತು ಮೀಸೆ ತೀಡಿ, "ಗಿರಿಜಾ ಅಂತ ಹಾಕು" ಎಂದರು.

"ಅಮ್ಮಾವ್ರ ಹೆಸರಾ ಸಾರ್?"

"ಹೂಂ. ಪಿಟಿ ಮೇಷ್ಟ್ರು ಸೊಸೆ ಕಥೆ ಓದಿ ಅಳ್ತಾನೆ ಅಂತ ಗೊತ್ತಾದ್ರೆ ನಾಳೆ ಗ್ರೌಂಡ್‌ನಾಗೆ ನನ್ ಮಾತು ಯಾರು ಕೇಳ್ತಾರೆ? ಇದು ನಿನ್ ಹೊಟ್ಟೆಗಿರ್ಲಿ."

ನನ್ನ ಹೊಟ್ಟೆಯಲ್ಲೇ ಇತ್ತು. ಗಿರಿಜಾ ಮಾತ್ರ ನಮ್ಮಿಬ್ಬರ ಕೈ ಮೀರಿ ಬೆಳೆದಳು. ಆಕೆ ವಾರಗಿತ್ತಿಯನ್ನು ಬೈಯುವ ಸೊಗಸಿಗೆ ದುಬೈಯಿಂದ, ಪುಣೆಯಿಂದ ಹೆಣ್ಣುಮಕ್ಕಳು ಮೆಚ್ಚಿ ಬರೆದರು. ಕೆಲವೇ ತಿಂಗಳಲ್ಲಿ ಆಕೆ ಎಲ್ಲರಿಗೂ ಗಿರಿಜಕ್ಕ. ಕಥೆ ಬಿಟ್ಟು ಬೇರೆ ಪ್ರಶ್ನೆಗಳೂ ಬರತೊಡಗಿದವು. ಅತ್ತೆ ಮಾತು ಬಿಟ್ಟಿದ್ದಾರೆ, ಏನು ಮಾಡಲಿ ಗಿರಿಜಕ್ಕ? "ನೀನೇ ಮೊದ್ಲು ಮಾತಾಡ್ಸು. ಸೋತೋರು ಸಣ್ಣೋರಾಗಲ್ಲ" ಎಂದು ಹೇಳಿ ಬರೆಸಿದರು. ಗ್ರೌಂಡಿನಲ್ಲಿ ಸೋತು ಬಂದ ಕಬಡ್ಡಿ ಟೀಮಿಗೆ ಅವರು ಹೀಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಮಧ್ಯೆ ಮಧ್ಯೆ ತಮ್ಮ ಬಗ್ಗೆಯೂ ಸೇರಿಸುತ್ತಿದ್ದರು: "ನಮ್ಮ ಯಜಮಾನ್ರು ನೋಡಾಕೆ ಬಿರುಸು, ಮನಸು ಮೆತ್ತಗೆ. ದಿನಾ ನನಗಿಂತ ಮುಂಚೆ ಎದ್ದು ಟೀ ಕಾಸ್ತಾರೆ." ನಾನು ತಲೆ ಎತ್ತಿ ನೋಡಿದರೆ, "ಒತ್ತಮ್ಮ, ಒತ್ತು" ಎನ್ನುತ್ತಿದ್ದರು.

ಎಡವಟ್ಟಾದದ್ದು ಮುದ್ದೆಯಿಂದ. ದೂರದ ಊರಿನ ಹೊಸ ಮದುವಣಗಿತ್ತಿಯೊಬ್ಬಳು, ಗಂಡನಿಗೆ ಮುದ್ದೆ ಬೇಕಂತೆ, ನಾನು ಮಾಡಿದರೆ ಬರೀ ಗಂಟು ಎಂದು ಗಿರಿಜಕ್ಕನ ಮೊರೆ ಹೋದಳು. ಮೇಷ್ಟ್ರಿಗೆ ಮುದ್ದೆ ಮುರಿಯಲು ಗೊತ್ತು, ಮಾಡಲು ಗೊತ್ತಿಲ್ಲ. ಅವರು ಅಂದು ಮನೆಗೆ ಹೋದವರೇ ಒಲೆಯ ಪಕ್ಕ ಕೂತು ಹೆಂಡತಿಯನ್ನು ವಿಚಾರಿಸಿದರಂತೆ: ನೀರೆಷ್ಟು, ಹಿಟ್ಟೆಷ್ಟು, ಕೋಲು ಯಾವಾಗ. ಸಂಸಾರ ಹೂಡಿದಂದಿನಿಂದ ಅಡುಗೆಮನೆಗೆ ಊಟಕ್ಕೆ ಬಿಟ್ಟು ಬೇರೆ ಕೆಲಸಕ್ಕೆ ಬಾರದ ಗಂಡ ಹೀಗೆ ಕೇಳಿದರೆ ಯಾವ ಹೆಂಗಸು ಸುಮ್ಮನಿರುತ್ತಾಳೆ? ಇದು ಯಾರಿಗೋ ಹೇಳಿಕೊಡುವುದಕ್ಕೇ ಎಂದು ಗಿರಿಜಮ್ಮನವರಿಗೆ ಹೊಳೆಯಿತು. ತಾಳ್ಯದ ಬಸ್ಸಿನಲ್ಲಿ ಆಗಲೇ ಮಾತೂ ಓಡಾಡುತ್ತಿತ್ತು, ಮೇಷ್ಟ್ರು ವಯಸ್ಸಾದ ಕಾಲಕ್ಕೆ ಪರದೆ ಹಿಂದೆ ಕೂರುತ್ತಾರೆ ಎಂದು.

ಮೇಷ್ಟ್ರು ಮುದ್ದೆಯ ಉತ್ತರ ಬರೆಸಿದ ಮರುವಾರ ಮೆಟ್ಟಿಲು ಹತ್ತಿ ಬಂದ ಹೆಂಗಸು ನನ್ನನ್ನು ಏನೂ ಕೇಳಲಿಲ್ಲ. ನೇರ ಮೂಲೆಗೆ ಹೋಗಿ ಪರದೆ ಸರಿಸಿದರು. ಊರಿಗೆಲ್ಲ ಅಟೆನ್ಷನ್ ಹೇಳುತ್ತಿದ್ದ ಮೇಷ್ಟ್ರು ಎದ್ದು ಅಟೆನ್ಷನ್‌ನಲ್ಲಿ ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

"ಯಾರ್ರೀ ಅವಳು?" ಎಂದರು ಗಿರಿಜಮ್ಮ.

"ನೀನೇ" ಎಂದರು ಮೇಷ್ಟ್ರು.

ಈ ಉತ್ತರದಿಂದ ಪರಿಸ್ಥಿತಿ ಸುಧಾರಿಸಲಿಲ್ಲ. ಗಿರಿಜಮ್ಮ ನನ್ನ ಕಡೆ ತಿರುಗಿ, "ಲೇ ತಂಗಿ, ಅದ್ರಾಗೆ ಏನೈತೆ, ಒಂದಕ್ಷರ ಬಿಡ್ದಂಗೆ ಓದು" ಎಂದರು. ಇಂಗ್ಲಿಷ್ ಅಕ್ಷರ ಅವರಿಗೆ ಬರುತ್ತಿರಲಿಲ್ಲ. ಮೇಷ್ಟ್ರು ಕಣ್ಣಲ್ಲೇ ಬೇಡ ಎಂದರು. ನಾನು ಆ ಮದುವಣಗಿತ್ತಿ ಬರೆದದ್ದನ್ನು ಓದಿದೆ. ಗಿರಿಜಕ್ಕ ನೀವು ಹೇಳಿದಂತೆ ಮಾಡಿದೆ, ಹಿಟ್ಟು ಹಾಕಿದ ಕೂಡಲೇ ಕೋಲಾಡಿಸದೆ ಬೇಯಲು ಬಿಟ್ಟೆ, ಒಂದು ಗಂಟೂ ಇಲ್ಲ, ನಮ್ಮವರು ಎರಡು ಮುದ್ದೆ ಉಂಡರು. ಗಿರಿಜಮ್ಮನವರ ಹುಬ್ಬು ಸ್ವಲ್ಪ ಇಳಿಯಿತು. ಹಳೆಯದನ್ನೂ ಓದು ಎಂದರು. ಯಜಮಾನರು ಟೀ ಕಾಸುವ ಕಡೆಗೆ ಬಂದಾಗ ಕೈ ಅಡ್ಡ ಹಿಡಿದರು.

"ಯಾವ ಯಜಮಾನ್ರು?"

ಮೇಷ್ಟ್ರು ಬೂಟು ನೋಡಿಕೊಂಡರು.

"ಆಯ್ತು. ಬರ್ದಿದ್ದು ಬರ್ದಾಯ್ತು. ನಾಳೆಯಿಂದ ಕಾಸ್ರಿ. ನನ್ನ ಹೆಸ್ರಲ್ಲಿ ಸುಳ್ಳಿರ್ಬಾರ್ದು."

ಮುಂದೆ ಓದಿದ್ದೇ ನನಗೂ ನೆನಪಿಲ್ಲದ, ಗಿರಿಜಕ್ಕನ ಒಂದು ಸಣ್ಣ ಬರಹ. ಮದುವೆಯಾದ ಹೊಸದರಲ್ಲಿ ನಾನು ರೇಡಿಯೋದ ಕೋರಿಕೆ ಹಾಡುಗಳಿಗೆ ಕಾರ್ಡು ಬರೆಯುತ್ತಿದ್ದೆ, ಪ್ರತಿ ವಾರ ಕಿವಿಗೊಟ್ಟು ಕೂರುತ್ತಿದ್ದೆ, ನನ್ನ ಹೆಸರು ಒಮ್ಮೆಯೂ ಬರಲಿಲ್ಲ, ಆಮೇಲೆ ಬಿಟ್ಟುಬಿಟ್ಟೆ ಎಂದಿತ್ತು. ಗಿರಿಜಮ್ಮ ಗೋಡೆಗೆ ಒರಗಿಕೊಂಡರು. "ಇದು ನಿಮಗೆ ನೆನಪೈತಾ?" ಎಂದರು. ಅದುವರೆಗಿನ ದನಿಯೇ ಬೇರೆ, ಇದೇ ಬೇರೆ.

"ಕಾರ್ಡು ಡಬ್ಬಿಗೆ ಹಾಕ್ತಿದ್ದೋನು ನಾನೇ ಅಲ್ವೇನೆ?"

"ಅದಕ್ಕಾ ಇಲ್ಲಿ ನನ್ನ ಹೆಸ್ರು ಹಾಕಿದ್ದು? ಎಲ್ರೂ ಓದ್ಲಿ ಅಂತ?"

ಈಗ ಹೂಂ ಎಂದರೆ ಸಾಕಿತ್ತು. ಯಾವ ಗಂಡಸಾದರೂ ಹೂಂ ಎನ್ನುತ್ತಿದ್ದ. ಓಂಕಾರಪ್ಪ ಮೇಷ್ಟ್ರು ಸ್ವಲ್ಪ ಯೋಚಿಸಿ, "ಇಲ್ಲ. ಮರ್ಯಾದೆಗೆ ಹೆದರ್ಕಂಡು ಹಾಕಿದ್ದು" ಎಂದರು. ಗಿರಿಜಮ್ಮನವರು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಅವರಿಬ್ಬರನ್ನು ನಾನು ಇಷ್ಟಪಡತೊಡಗಿದ್ದು ಆ ಗಳಿಗೆಯಿಂದ.

ಆಮೇಲೆ ಸೋಮವಾರಗಳಲ್ಲಿ ಇಬ್ಬರೂ ಬರುತ್ತಿದ್ದರು. ನಾನೊಂದು ಸ್ಟೂಲು ಹೆಚ್ಚಿಗೆ ಹಾಕಿಸಿದೆ. ಮೇಷ್ಟ್ರು ಕಥೆ ಜೋರಾಗಿ ಓದುವುದು, ಗಿರಿಜಮ್ಮ ಶೇಂಗಾ ಬಿಡಿಸುತ್ತ ಕೇಳುವುದು, ಕೊನೆಗೆ ಗಿರಿಜಕ್ಕ ಏನು ಬರೆಯಬೇಕೆಂದು ಇಬ್ಬರಿಗೂ ಜಗಳವಾಗುವುದು.

"ಆ ವಾರಗಿತ್ತೀನ ನಾನಂತೂ ಮನೆಯೊಳಗೆ ಸೇರ್ಸಲ್ಲ."

"ನೀನು ಸೇರ್ಸಬ್ಯಾಡ. ಗಿರಿಜಕ್ಕ ಸೇರಿಸ್ತಾಳೆ."

"ನನ್ನ ಹೆಸ್ರು ಇಟ್ಕಂಡು ನನಗಿಂತ ಒಳ್ಳೇಳಾಗ್ತಾಳಲ್ಲ ಈಕೆ" ಎಂದು ಗಿರಿಜಮ್ಮ ನನ್ನ ಕಡೆ ನೋಡುತ್ತಿದ್ದರು. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು, ಆ ಒಳ್ಳೆಯವಳು ಯಾರೆಂದು. ಗುಟ್ಟು ಊರಿಗೆ ಬೀಳದಂತೆ ಮೂವರೂ ಕಾಪಾಡಿಕೊಂಡೆವು. ಗಂಡ ಹೆಂಡತಿ ಸೇರಿ ಕಂಪ್ಯೂಟರ್ ಕಲಿಯುತ್ತಿದ್ದಾರೆ ಎಂದು ಬಸ್ಸಿನವರು ಮಾತು ಬದಲಿಸಿದರು. ಮೇಷ್ಟ್ರ ವಿಷಲ್ಲಿಗೆ ಗ್ರೌಂಡಿನಲ್ಲಿ ಕೊನೆಯ ದಿನದವರೆಗೂ ಬೆಲೆ ಇತ್ತು.

ರಿಟೈರ್ ಆದ ವರ್ಷವೇ ಮೇಷ್ಟ್ರು ಹೋಗಿಬಿಟ್ಟರು. ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲವಂತೆ. ನಾನು ತಾಳ್ಯಕ್ಕೆ ಹೋಗಿದ್ದೆ. ಹಳೇ ವಿದ್ಯಾರ್ಥಿಗಳು ಯಾರೂ ಹೇಳದೆಯೇ ಸಾಲಾಗಿ ನಿಂತಿದ್ದರು. ನನಗೆ ತುಂಬಾ ಅಳು ಬಂತು, ಅತ್ತೆ.

ಕಾರ್ಯವೆಲ್ಲ ಮುಗಿದ ಮೇಲೆ ಒಂದು ಸೋಮವಾರ ಗಿರಿಜಮ್ಮ ಒಬ್ಬರೇ ಬಂದರು. ಸ್ಟೂಲಿನ ಮೇಲೆಯೇ ಕೂತರು, ಮೇಷ್ಟ್ರ ಕುರ್ಚಿಗೆ ಬರಲಿಲ್ಲ. "ಗಿರಿಜಕ್ಕ ತೀರ್ಕಂಡ್ಲು ಅಂತ ಹಾಕಮ್ಮ" ಎಂದರು.

"ಅಮ್ಮಾ, ನೀವಿದ್ದೀರಲ್ಲ" ಎಂದೆ.

"ನಾನೆಲ್ಲಿ ಬರ್ದಿದ್ದೆ? ಬರೀತಿದ್ದೋರು ಹೋದ್ರು. ಪಾಪ, ಆ ಹುಡ್ಗೇರು ಕಾಯ್ತಿರ್ತಾರೆ."

ಹಾಕಿದೆ. ಮುಂದಿನ ಸೋಮವಾರ ಬಂದು ಓದಿಸಿದರು. ಉತ್ತರಗಳು ಉದ್ದಕ್ಕೆ ಬಂದಿದ್ದವು. ಅಕ್ಕನನ್ನು ಕಳೆದುಕೊಂಡಂತಾಯಿತು ಎಂದು ದುಬೈಯಾಕೆ ಬರೆದಿದ್ದಳು. ನಿಮ್ಮ ಮಾತು ಕೇಳಿ ಅತ್ತೆಯನ್ನು ನಾನೇ ಮಾತಾಡಿಸಿದೆ, ಇವತ್ತು ಅವರೂ ನನ್ನ ಪಕ್ಕ ಕೂತು ಅಳುತ್ತಿದ್ದಾರೆ ಎಂದು ಇನ್ನೊಬ್ಬಳು. "ನಾನು ನಿಜವಾಗಿ ಸತ್ರೆ ಇಷ್ಟು ಜನ ಅಳ್ತಾರೇನೇ?" ಎಂದರು ಗಿರಿಜಮ್ಮ. ಕೊನೆಗೆ ಹೆಚ್ಚಿನವರು ಒಂದೇ ಮಾತು ಬರೆದಿದ್ದರು: ಯಜಮಾನರೇ, ಧೈರ್ಯ ತಂದುಕೊಳ್ಳಿ. ಒಬ್ಬರೇ ಹೇಗಿದ್ದೀರಿ? ಊಟ ಮಾಡುತ್ತಿದ್ದೀರಾ?

ಗಿರಿಜಮ್ಮ ತಾಳ್ಯದ ಆ ಮನೆಯಲ್ಲಿ ಊಟ ಮಾಡುತ್ತಿದ್ದಾರೋ ಇಲ್ಲವೋ ಎಂದು ಕೇಳಬೇಕೆಂದು ನನಗೂ ಅಂದಿನವರೆಗೆ ಹೊಳೆದಿರಲಿಲ್ಲ.

"ಕೇಳವ್ರಲ್ಲ, ಉತ್ತರ ಕೊಡಾಣ" ಎಂದರು. ಯಾರ ಹೆಸರಲ್ಲಿ ಎಂದು ಕೇಳಿದೆ. "ಅವ್ರ ಹೆಸ್ರಲ್ಲೇ."

ನಿಲ್ಲಿಸಿ ನಿಲ್ಲಿಸಿ ಹೇಳಿದರು, ನಾನು ಒತ್ತಿದೆ.

"ನಾನು ಓಂಕಾರಪ್ಪ. ಊಟ ಮಾಡ್ತಾ ಇದೀನಿ. ನಮ್ಮಾಕೆ ಮಾತಿಗೆ ಬಾಳ ಬಿರುಸು, ಆದ್ರೆ ಇನ್ನೊಬ್ರ ಕಷ್ಟ ಕಂಡ್ರೆ ತಡಿತಿರ್ಲಿಲ್ಲ. ಬದುಕಿದ್ದಾಗ ನಾನು ಎದುರಿಗೆ ಒಂದಿನಾನೂ ಹೊಗಳ್ಲಿಲ್ಲ. ನಂಗೆ ಆಕೆ ಅಂದ್ರೆ ಬಾಳ ಇಷ್ಟ ಇತ್ತು. ಮನೇಲಿ ಹೊತ್ತೇ ಹೋಗಲ್ಲ."

ಇನ್ನೊಮ್ಮೆ ಓದಿಸಿಕೊಂಡರು. ಸೆರಗಿನಿಂದ ಮುಖ ಒರೆಸಿಕೊಂಡು, "ಸರಿಯಾಗೈತೆ, ಕಳ್ಸು" ಎಂದರು. ಕಳಿಸಿದೆ.