ಸೀಳಿನೊಳಗಿನ ಹಳದಿ

ಭಂಡಾರದಿಂದ, ಅಂದರೆ ದೇವರ ಅರಿಷಿಣದಿಂದ, ಎಲುಬು ಕೂಡುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಜಮಖಂಡಿಯಲ್ಲಿ ಎಲುಬಿನ ಡಾಕ್ಟರಾಗಿಯೇ ನನ್ನ ತಲೆ ನೆರೆತಿದೆ. ದೇವರ ಹೆಸರಿನಲ್ಲಿ ಬಿದಿರಿನ ಪಟ್ಟಿ ಬಿಗಿಸಿಕೊಂಡು, ಕಾಲು ಕಪ್ಪಾದ ಮೇಲೆ ನನ್ನ ಬಳಿ ಬಂದವರನ್ನು ಬೈದದ್ದೂ ಇದೆ, ಅವರಿಗಾಗಿ ಮರುಗಿದ್ದೂ ಇದೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ರನ್ನ ಬೆಳಗಲಿಯಿಂದ ಹಾಲಪ್ಪ ಎಂಬ ಕುರಿಗಾರನನ್ನು ಕರೆತಂದರು. ಮುಧೋಳ ರಸ್ತೆಯಲ್ಲಿ ಬೈಕಿಗೆ ನಾಯಿ ಅಡ್ಡ ಬಂದು, ಮಡಚಿದ ಮೊಣಕಾಲಿನ ಮೇಲೆಯೇ ಬಿದ್ದಿದ್ದ. ಚರ್ಮ ಎಲ್ಲೂ ಹರಿದಿರಲಿಲ್ಲ. ಮೊಣಕಾಲು ಮಾತ್ರ ಕುಂಬಳಕಾಯಿಯಂತೆ ಊದಿತ್ತು. ಎಕ್ಸ್‌ರೇಯಲ್ಲಿ ಅಂಥದ್ದೇನೂ ಕಾಣಲಿಲ್ಲ. ಸಂಶಯ ಬಂದು ಸಿ.ಟಿ. ಸ್ಕ್ಯಾನ್ ಮಾಡಿಸಿದೆ. ತೊಡೆಯ ಎಲುಬು ಮೊಣಕಾಲಿಗೆ ಸೇರುವ ತುದಿಯಲ್ಲಿ ಎರಡು ಗುಂಡನೆಯ ಉಬ್ಬುಗಳಿರುತ್ತವೆ. ಅವುಗಳಲ್ಲಿ ಒಂದರ ಹಿಂಭಾಗ ಕಟ್ಟಿಗೆ ಸೀಳಿದ ಹಾಗೆ ಸೀಳಿ ಬೇರೆಯಾಗಿತ್ತು. ಅಪರೂಪದ ಮುರಿತವಿದು, ಪ್ಲಾಸ್ಟರಿಗೆ ಬಗ್ಗುವಂಥದ್ದಲ್ಲ. ತೆರೆದು, ಚೂರನ್ನು ಕೂದಲೆಳೆಯಷ್ಟೂ ವ್ಯತ್ಯಾಸವಾಗದಂತೆ ಕೂಡಿಸಿ, ಸ್ಕ್ರೂ ಹಾಕಬೇಕು. ಕೂಡದಿದ್ದರೆ, ಇಲ್ಲವೇ ಒಳಗೆ ಕೀವಾದರೆ, ಮೊಣಕಾಲು ಮುಂದೆಂದೂ ಸರಿಯಾಗಿ ಮಡಚುವುದಿಲ್ಲ. ಊರೂರು ತಿರುಗಿ, ರೈತರ ಹೊಲಗಳಲ್ಲಿ ಕುರಿ ನಿಲ್ಲಿಸಿ ಬದುಕುವವನಿಗೆ ಕಾಲು ಹೋದರೆ ಉಳಿಯುವುದೇನು?

ಅವನ ಹೆಂಡತಿ ಮಾಳವ್ವ ಮನೆದೇವರು ಬೀರೇಶ್ವರನ ಭಂಡಾರದ ಚೀಲ ಹಿಡಿದುಕೊಂಡೇ ಬಂದಿದ್ದಳು. ಕಾಲಿಗೆ ಹಚ್ಚುತ್ತೇನೆಂದು ಹಟ ಹಿಡಿದಳು.

"ಏನೂ ಹಚ್ಚಬ್ಯಾಡವಾ. ಒಂದು ಕಣ ಒಳಗ ಹೋದ್ರೂ ಕಾಲು ಕೆಡ್ತೈತಿ," ಎಂದೆ. ಮುಖ ಸಣ್ಣದು ಮಾಡಿಕೊಂಡಳು. ಪಾಪ ಎನಿಸಿತು, ಆದರೂ ನಾನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಆಪರೇಷನ್. ಸಿಸ್ಟರ್ ಕಾಲನ್ನು ಚೆನ್ನಾಗಿ ತೊಳೆದು ಔಷಧಿ ಬಳಿದಳು. ನಾನು ಮೊಣಕಾಲಿನ ಪಕ್ಕದಲ್ಲಿ ಕೊಯ್ದು, ಮುರಿದ ಚೂರನ್ನು ಮೆಲ್ಲಗೆ ಸರಿಸಿ ಸೀಳಿನೊಳಗೆ ನೋಡಿದೆ. ಎಲುಬಿನ ಎರಡೂ ಬದಿಗೆ ಹಳದಿ ಪುಡಿ ಮೆತ್ತಿಕೊಂಡಿತ್ತು. ಮೊಣಕಾಲಿನೊಳಗಿನ ಕೊಬ್ಬೂ ಹಳದಿಯೇ, ಅಷ್ಟು ನನಗೂ ಗೊತ್ತು. ಆದರೆ ಇದು ಕೊಬ್ಬಲ್ಲ. ಒರೆಸಿದರೆ ಬಿಳಿ ಬಟ್ಟೆಗೆ ತರಿತರಿಯಾಗಿ ಅಂಟಿ ಬಂತು.

"ಸರ್, ಅರಿಷಿಣದ ವಾಸನಿ ಬರಾಕತ್ತೈತ್ರಿ," ಎಂದಳು ಸಿಸ್ಟರ್, ಮಾಸ್ಕಿನೊಳಗಿಂದ.

ನನಗೂ ಬರುತ್ತಿತ್ತು. ನಿಜ ಹೇಳುತ್ತೇನೆ, ನನಗೆ ಭಯವಾಯಿತು. ಆದರೆ ಕೈಕಟ್ಟಿ ನಿಲ್ಲುವ ಹೊತ್ತು ಅದಲ್ಲ. ಸ್ವಲ್ಪವನ್ನು ಪರೀಕ್ಷೆಗೆ ತೆಗೆದಿಟ್ಟು, ಸಲೈನಿನಿಂದ ಮತ್ತೆ ಮತ್ತೆ ತೊಳೆದು, ಚೂರು ಕೂಡಿಸಿ ಸ್ಕ್ರೂ ಬಿಗಿದೆ.

ಹೊರಗೆ ಬಂದವನೇ ಮಾಳವ್ವನ ಮೇಲೆ ಹರಿಹಾಯ್ದೆ. "ಖರೆ ಹೇಳವಾ, ಭಂಡಾರ ಎಲ್ಲಿ ಹಚ್ಚಿದಿ?"

"ದೇವ್ರಾಣಿ, ಕಾಲಿಗೆ ಹಚ್ಚಿಲ್ರೀ ಸಾಹೇಬ್ರ. ನೀವು ಬ್ಯಾಡ ಅಂದ್ರಿ. ಅದಕ್ಕ ಅವರ ಬಡಿಗಿಗೆ ಹಚ್ಚೇನ್ರಿ."

ಬೆಂಚಿಗೆ ಆನಿಸಿಟ್ಟಿದ್ದ ಗಂಡನ ಕುರಿ ಕಾಯುವ ಕೋಲನ್ನು ಎತ್ತಿ ತೋರಿಸಿದಳು. ಅವನು ಬಿದ್ದಾಗ ಅದೂ ಸೀಳಿತ್ತಂತೆ. ಅವನನ್ನು ಒಳಗೆ ಒಯ್ಯುತ್ತಿದ್ದಂತೆ, ಇದನ್ನೇ ಅವನ ಕಾಲೆಂದು ತಿಳಿಯಪ್ಪಾ ಎಂದು ದೇವರಿಗೆ ಬೇಡಿಕೊಂಡು, ಸೀಳಿನೊಳಗೆ ಭಂಡಾರ ತುಂಬಿ, ಉಣ್ಣೆಯ ದಾರದಿಂದ ಬಿಗಿದು ಕಟ್ಟಿದ್ದಳು.

ಪರೀಕ್ಷೆಯಲ್ಲಿ ಯಾವ ಕ್ರಿಮಿಯೂ ಬೆಳೆಯಲಿಲ್ಲ. ಹಳದಿ ಏನೆಂದು ಹೇಳುವಷ್ಟು ಪುಡಿ ಇರಲಿಲ್ಲವಂತೆ. ಬಟ್ಟೆಗೋ ಕೈಗವಸಿಗೋ ಅಂಟಿ ಬಂದಿರಬೇಕು ಎನ್ನುತ್ತಾರೆ ಗೆಳೆಯ ಡಾಕ್ಟರುಗಳು. ಇರಬಹುದು. ಆದರೆ ನಾನು ಬಟ್ಟೆ ತಾಗಿಸುವ ಮೊದಲೇ ಅದು ಎಲುಬಿನ ನಡುವೆ ಇತ್ತು. ಹಾಲಪ್ಪ ಈಗ ಕುಕ್ಕರುಗಾಲಿನಲ್ಲಿ ಕೂರುತ್ತಾನೆ, ಕುರಿಗಳ ಹಿಂದೆ ನಡೆಯುತ್ತಾನೆ. ಅದು ಸ್ಕ್ರೂಗಳಿಂದಲೇ ಆದದ್ದು ಎಂದು ಇವತ್ತಿಗೂ ನಾನು ವಾದಿಸುತ್ತೇನೆ.

ಹಾಗೆ ವಾದಿಸುವ ನಾನು ಅವತ್ತು ಆಡಿದ ಮಾತು ಮಾತ್ರ ನನಗೇ ಅರ್ಥವಾಗಿಲ್ಲ. ಕೋಲನ್ನು ಎದೆಗೆ ಅವಚಿಕೊಂಡು ಮಾಳವ್ವ ಹೆದರುತ್ತಲೇ ಕೇಳಿದ್ದಳು, "ತಪ್ಪಾಗಿದ್ರ ಈ ದಾರ ಈಗ ಬಿಚ್ಚಿಬಿಡ್ಲೇನ್ರಿ?"

"ಬ್ಯಾಡವಾ," ಎಂದಿದ್ದೆ ನಾನು. "ಎಲುಬು ಕೂಡೋತನಕ ಬಿಚ್ಚಬ್ಯಾಡ. ಎಕ್ಸ್‌ರೇ ನೋಡಿ ನಾನ ಹೇಳ್ತೇನಿ."