ಕೇಳಿ ಕೇಳಿ ಕಳೆದ ದಾರಿ

ಆಲ್ಡರ್‌ಬೋರ್ನ್ ಎಂಬ ಹಳ್ಳಿಯಲ್ಲಿ ನಾನು ಪಬ್ ನಡೆಸಲು ಶುರುಮಾಡಿ ಬಹಳ ಕಾಲವಾಯಿತು. ಕುಡುಕರನ್ನು ನೋಡಿದ್ದೇನೆ, ಜಗಳಗಂಟರನ್ನು ನೋಡಿದ್ದೇನೆ, ಅವರ್ಯಾರ ಮೇಲೂ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಭಾನುವಾರದ ನಡಿಗೆಯವರ ಮೇಲೆ. ಕೊರಳಿಗೆ ನಕ್ಷೆ ನೇತುಹಾಕಿಕೊಂಡು, ಎರಡು ಕೈಯಲ್ಲಿ ಎರಡು ಕೋಲು ಹಿಡಿದು, ಹಿಮಾಲಯ ಇಳಿದು ಬಂದವರ ಹಾಗೆ ಬರುತ್ತಾರೆ. ಇಳಿದಿರುವುದು ಚರ್ಚಿನ ಹಿಂದಿನ ದಿಬ್ಬ. ಕೆಸರು ಮೆತ್ತಿದ ಬೂಟುಗಳನ್ನು ಬಾಗಿಲಲ್ಲಿ ಬಿಟ್ಟು, ಬರಿ ಕಾಲುಚೀಲದಲ್ಲಿ ಒಳಗೆ ಬಂದು, ಬೆಂಕಿಯ ಮುಂದೆ ಕಾಲು ಚಾಚಿ ಇಡೀ ಕೋಣೆಗೆ ಒದ್ದೆ ಉಣ್ಣೆಯ ನಾತ ಹಬ್ಬಿಸುತ್ತಾರೆ. ಆಮೇಲೆ ನಾಲ್ಕು ಜನಕ್ಕೆ ಒಂದು ಪಾಟ್ ಟೀ ಹೇಳುತ್ತಾರೆ. ಮನೆಯಿಂದ ತಂದ ಸ್ಯಾಂಡ್‌ವಿಚ್ಚನ್ನು ಮೇಜಿನ ಕೆಳಗಿಟ್ಟುಕೊಂಡು, ನನ್ನ ಕಣ್ಣು ತಪ್ಪಿಸಿ ಕಚ್ಚುತ್ತಾರೆ. ನನಗೆ ಕಾಣುವುದಿಲ್ಲ ಅಂದುಕೊಂಡಿದ್ದಾರೆ.

ಈ ಮೆರವಣಿಗೆಯ ಮುಂದಾಳು ಮರ್ವಿನ್ ಪಿಲ್ಬೀಮ್. ನಮ್ಮೂರಿನ ಕಾಲುದಾರಿಗಳ ಪಾಲಕ. ಸಂಬಳವಿಲ್ಲದ ಹುದ್ದೆ, ಎದೆಗೆ ಒಂದು ಬಿಲ್ಲೆ ಮಾತ್ರ ಉಂಟು. ಆ ಬಿಲ್ಲೆಯನ್ನು ಅವನು ಮಲಗುವಾಗ ಪೈಜಾಮಕ್ಕೂ ಚುಚ್ಚಿಕೊಳ್ಳುತ್ತಾನೆ ಅಂತ ನನ್ನ ಗುಮಾನಿ.

ಮೊದಲು ಅವನು ಪೇಟೆಯಲ್ಲಿ ಡ್ರೈವಿಂಗ್ ಪರೀಕ್ಷಕನಾಗಿದ್ದ. ಸುತ್ತಲಿನ ಊರುಗಳ ಅರ್ಧ ಜನರನ್ನು ಫೇಲು ಮಾಡಿದ್ದಾನೆ, ಪ್ರತಿಯೊಬ್ಬರ ಹತ್ತಿರವೂ ಕ್ಷಮೆ ಕೇಳಿಯೇ ಮಾಡಿದ್ದಾನೆ. ಅವನ ಜೀವನದಲ್ಲಿ ನಡೆದ ಒಂದೇ ಒಂದು ದೊಡ್ಡ ಸಂಗತಿಯೆಂದರೆ ಹೆಂಡತಿ ಡೋರೀನ್ ಅವನನ್ನು ಬಿಟ್ಟು ಹೋಗಿದ್ದು. ಮಾಡಿನ ಹೆಂಚು ಸರಿಮಾಡಲು ಬಂದವನ ಜೊತೆ ಹೋದಳು. ಅವಳ ಪೆಟ್ಟಿಗೆಗಳನ್ನು ಆ ಮನುಷ್ಯನ ವ್ಯಾನಿಗೆ ಎತ್ತಿಟ್ಟವನು ಮರ್ವಿನ್. ಎತ್ತಿಟ್ಟಿದ್ದಲ್ಲದೆ, ವ್ಯಾನು ಹಿಂದಕ್ಕೆ ತಿರುಗಿಸುವಾಗ ರಸ್ತೆಯಲ್ಲಿ ನಿಂತು, ‘ಬನ್ನಿ, ಬನ್ನಿ, ಇನ್ನೂ ಜಾಗ ಇದೆ’ ಅಂತ ಕೈ ಬೀಸಿದ. ಎದುರು ಮನೆಯ ಕಿಟಕಿಯಲ್ಲಿ ನಿಂತಿದ್ದವರು ಇದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾರೆ. ನನಗೆ ಮೈ ಉರಿಯುತ್ತದೆ.

ಹೆಂಡತಿ ಹೋದ ಮೇಲೆ ಅವನು ದಾರಿಗಳನ್ನು ಹಿಡಿದ. ಪೊದೆ ಸವರುವ ಕತ್ತರಿ ಜೇಬಿನಲ್ಲಿಟ್ಟುಕೊಂಡು ಹೊರಡುವುದು, ಮುಳ್ಳುಕಂಟಿ ದಾರಿಗೆ ಬಾಗಿದ್ದರೆ ಅದು ಯಾರ ಬೇಲಿಯದೆಂದು ವಿಚಾರಿಸಿ, ಅವರ ಬಾಗಿಲು ತಟ್ಟಿ, ಒಪ್ಪಿಗೆ ಪಡೆದು, ವಾಪಸು ಬಂದು ಕತ್ತರಿಸುವುದು. ಅಷ್ಟರಲ್ಲಿ ಮಳೆ ಬರುತ್ತದೆ. ನಡಿಗೆಯ ಮಾರ್ಗಗಳನ್ನು ತಿಳಿಸುವ ಒಂದು ಕರಪತ್ರವನ್ನೂ ಬರೆದು ನನ್ನ ಪಬ್ಬಿನಲ್ಲಿ ಇಟ್ಟಿದ್ದಾನೆ. ‘ದೊಡ್ಡ ಓಕ್ ಮರದ ಬಳಿ ಎಡಕ್ಕೆ ತಿರುಗಿ’ ಅಂತ ಅದರಲ್ಲಿದೆ. ಮರ ಬಿದ್ದು ಎಷ್ಟೋ ವರ್ಷವಾಯಿತು. ಓದಿಕೊಂಡು ಹೋದವರು ಸೀದಾ ಗೊಬ್ಬರದ ಗುಂಡಿಗೆ ಹೋಗಿ ನಿಲ್ಲುತ್ತಾರೆ, ಆಮೇಲೆ ಬಂದು ನನ್ನನ್ನು ಬಯ್ಯುತ್ತಾರೆ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಮಾರ್ಜ್ ಟ್ರಿಗ್‌ಳ ದಾರಿ ಹೋಯಿತಲ್ಲ, ಅದಕ್ಕೆ ನಗು ಬರುವುದಿಲ್ಲ.

ಮಾರ್ಜ್ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವಳು. ಗಂಡ ಲೆನ್‌ಗೆ ಲಕ್ವ ಹೊಡೆದು, ಪಕ್ಕದೂರು ಪೆನ್‌ಫೋಲ್ಡಿನ ಶುಶ್ರೂಷಾಲಯದಲ್ಲಿ ಇಟ್ಟಿದ್ದರು. ಅವನಿಗೆ ಮಾತು ಹೋಗಿದೆ, ಹಟ ಹೋಗಿಲ್ಲ. ಮಧ್ಯಾಹ್ನದ ಟೀಯನ್ನು ಮಾರ್ಜ್ ಕೈಯಿಂದ ಮಾತ್ರ ಕುಡಿಯುತ್ತಾನೆ. ದಾದಿಯರು ಕೊಟ್ಟರೆ ಬಾಯಿ ಬಿಗಿಹಿಡಿಯುತ್ತಾನೆ. ಹಾಗಾಗಿ ಮಾರ್ಜ್ ದಿನಾ ಹೋಗಬೇಕು. ಅವಳಿಗೆ ಕಾರು ಬಿಡಲು ಬರುವುದಿಲ್ಲ, ಮರ್ವಿನ್ನೇ ಹಿಂದೊಮ್ಮೆ ಫೇಲು ಮಾಡಿದ್ದ. ಬಸ್ಸು ನಿಂತುಹೋಗಿದೆ. ಉಳಿದಿರುವುದು ಎರಡು ದಾರಿ. ಒಂದು ಕಲ್ಲುಕ್ವಾರಿಯ ಲಾರಿಗಳು ಓಡುವ ರಸ್ತೆ, ಎರಡೂ ಕಡೆ ಎತ್ತರದ ಬೇಲಿ, ಪಕ್ಕಕ್ಕೆ ಸರಿಯಲು ಒಂದು ಅಡಿ ಜಾಗವಿಲ್ಲ. ಇನ್ನೊಂದು ಚರ್ಚಿನ ಹಿಂದಿನ ಗೇಟು ದಾಟಿ, ರೈತ ಗೊರಿಂಜನ ಬಾರ್ಲಿ ಹೊಲದ ನಡುವೆ ಹಾದು, ಹಳ್ಳದ ಹಲಗೆಯ ಮೇಲಿಂದ ಪೆನ್‌ಫೋಲ್ಡ್ ಸೇರುವ ಕಾಲುದಾರಿ. ಮಾರ್ಜ್ ಕೆಂಪು ಕೋಟು ಹಾಕಿಕೊಂಡು ಆ ಹೊಲದಲ್ಲಿ ಹೋಗುವುದು ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು.

ಈ ದಾರಿ ಸರ್ಕಾರದ ನಕ್ಷೆಯಲ್ಲಿ ಇರಲಿಲ್ಲ. ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ನಮ್ಮ ಕಡೆಯ ಕಾನೂನಿನ ಪ್ರಕಾರ ಜನ ಇಪ್ಪತ್ತು ವರ್ಷ ಹಗಲುಹೊತ್ತಿನಲ್ಲೇ, ಯಾರನ್ನೂ ಕೇಳದೆ, ತಮ್ಮದೇ ಎನ್ನುವ ಹಾಗೆ ಒಂದು ದಾರಿಯಲ್ಲಿ ಓಡಾಡಿದರೆ ಅದು ಊರಿನದಾಗುತ್ತದೆ. ಹೊಲದ ಯಜಮಾನ ಆಮೇಲೆ ತಲೆಕೆಳಗಾಗಿ ನಿಂತರೂ ಮುಚ್ಚುವಂತಿಲ್ಲ. ಯಾರನ್ನೂ ಕೇಳದೆ ಎಂಬುದೇ ಇದರಲ್ಲಿ ಮುಖ್ಯ.

ಮರ್ವಿನ್ ಕೇಳುತ್ತಿದ್ದ.

ಪ್ರತಿ ಚಳಿಗಾಲದಲ್ಲಿ ಕಹಿಕಿತ್ತಳೆ ಬಂದಾಗ ಅವನು ಅದರ ಜಾಮು, ಮಾರ್ಮಲೇಡ್, ಕುದಿಸುತ್ತಾನೆ. ಅದರಲ್ಲೊಂದು ಸೀಸೆ ಹಿಡಿದುಕೊಂಡು, ಟೋಪಿ ತೆಗೆದು, ಮುದುಕ ಗೊರಿಂಜನ ಬಾಗಿಲಲ್ಲಿ ನಿಲ್ಲುತ್ತಿದ್ದ. ಗೊರಿಂಜ್ ನನ್ನ ಪಬ್ಬಿಗೆ ಬಂದು ಗೊಣಗುತ್ತಿದ್ದ.

“ಆ ಪಿಲ್ಬೀಮ್ ಮತ್ತೆ ಬಂದಿದ್ದ ಕಣೇ ಬೆರಿಲ್. ‘ಈ ವರ್ಷವೂ ನಾವು ನಿಮ್ಮ ಹೊಲದಲ್ಲಿ ನಡೆದರೆ ತಮ್ಮ ಅಭ್ಯಂತರ ಇಲ್ಲ ತಾನೆ?’ ಅಂತಾನೆ. ಇವನಿಗೇನು ತಲೆ ಕೆಟ್ಟಿದೆಯಾ?”

“ನೀನೇನಂದೆ?”

“ನಡ್ಕೊಂಡು ಸಾಯ್ರಪ್ಪ, ನಂದೇನು ಗಂಟು ಹೋಗುತ್ತೆ ಅಂದೆ. ಮಾರ್ಮಲೇಡ್ ಮಾತ್ರ ಬಾಯಿಗೆ ಇಡೋ ಹಾಗಿಲ್ಲ, ಮಾರಾಯ್ತಿ. ಹಂದಿಗೆ ಹಾಕಿದೆ.”

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ವಸಂತದಲ್ಲಿ ಊರಿನ ವಾರ್ಷಿಕ ಸಭೆ ನಡೆಯುತ್ತದೆ. ಅಲ್ಲಿ ಮರ್ವಿನ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ‘ಶ್ರೀಮಾನ್ ಗೊರಿಂಜ್ ಅವರು ತಮ್ಮ ಹೊಲದಲ್ಲಿ ಓಡಾಡಲು ನಮಗೆಲ್ಲ ಈ ವರ್ಷವೂ ಅನುಮತಿ ಕೊಟ್ಟಿದ್ದಾರೆ, ಅವರಿಗೆ ನಮ್ಮ ಕೃತಜ್ಞತೆ’ ಎನ್ನುತ್ತಿದ್ದ. ಸಭೆ ಚಪ್ಪಾಳೆ ತಟ್ಟುತ್ತಿತ್ತು. ಆಮೇಲೆ ಎಲ್ಲರೂ ಕೇಕು ತಿನ್ನುತ್ತಿದ್ದರು. ಸೌಜನ್ಯ ಎನ್ನುವ ಕಾಯಿಲೆ ಒಬ್ಬನಿಗೆ ಬಂದರೆ ಇಡೀ ಊರಿಗೆ ಅಂಟುತ್ತದೆ.

ಗೊರಿಂಜ್ ಸತ್ತ. ಹೊಲವನ್ನು ಲಂಡನ್ನಿನಿಂದ ಬಂದ ಪಿಯರ್ಸ್ ವೆರಿಟಿ ಎಂಬಾತ ಕೊಂಡ. ಒಂದು ಚುಕ್ಕೆ ಕೆಸರು ಕಾಣದ ಹಳ್ಳಿ ಕೋಟು ಹಾಕಿಕೊಂಡು, ಎಲ್ಲರಿಗೂ ನಮಸ್ಕಾರ ಹೇಳುತ್ತಾ ತಿರುಗುವ ಮನುಷ್ಯ. ಬಾರ್ಲಿ ಕಿತ್ತು ಹುಲ್ಲು ಬೆಳೆಸಿದ, ಕುದುರೆ ತಂದ. ಒಂದು ಬೆಳಿಗ್ಗೆ ಚರ್ಚಿನ ಹಿಂದಿನ ಗೇಟಿಗೆ ಬೀಗ ಬಿದ್ದಿತ್ತು. ಪಕ್ಕದಲ್ಲಿ ಹಲಗೆ: ‘ಖಾಸಗಿ ಜಾಗ. ದಯವಿಟ್ಟು ಪ್ರವೇಶಿಸಬೇಡಿ. ವಂದನೆಗಳು.’ ಕತ್ತು ಹಿಡಿದು ಆಚೆ ದಬ್ಬುವಾಗಲೂ ವಂದನೆ ಹೇಳುವ ಜಾತಿ ನಮ್ಮದು.

ಊರು ಎದ್ದಿತು. ಅಂದರೆ ಆ ದಾರಿಯನ್ನು ಸರ್ಕಾರದ ನಕ್ಷೆಗೆ ಸೇರಿಸಿ ಅಂತ ಅರ್ಜಿ ಹಾಕಿತು, ನಾವು ಏಳುವುದು ಅಷ್ಟೇ. ಮರ್ವಿನ್‌ಗಂತೂ ಹಬ್ಬ. ಇಡೀ ಜನ್ಮದಲ್ಲಿ ಅವನನ್ನು ಯಾರೂ ಮುಖ್ಯ ಸಾಕ್ಷಿ ಎಂದು ಕರೆದಿರಲಿಲ್ಲ. ವಿಚಾರಣೆಯ ಹಿಂದಿನ ಸಂಜೆ ಪಬ್ಬಿಗೆ ಬಂದು ನಿಂಬೆ ಶರಬತ್ತು ಹೀರುತ್ತಾ ಅಭ್ಯಾಸ ಮಾಡುತ್ತಿದ್ದ. ಗೇಟಿಗೆ ಬೀಗ ಬಿದ್ದಾಗಿನಿಂದ ಲಾರಿ ರಸ್ತೆಯಲ್ಲೇ ಹೋಗಿ ಬರುತ್ತಿದ್ದ ಮಾರ್ಜ್ ಅಲ್ಲೇ ಕೂತಿದ್ದಳು. ಅದೇ ವಾರ ಒಂದು ಲಾರಿಯ ಕನ್ನಡಿ ಅವಳ ತೋಳಿಗೆ ತಾಗಿ ಹೋಗಿತ್ತು, ತೋಳು ನೀಲಿಗಟ್ಟಿತ್ತು.

“ಮರ್ವಿನ್,” ಅಂದಳು, “ನಾಳೆ ಕಡಿಮೆ ಮಾತಾಡು. ನಡೀತಿದ್ವಿ ಅಂತ ಹೇಳು, ಕೂತ್ಕೋ.”

“ನೀವೇನೂ ಯೋಚನೆ ಮಾಡ್ಬೇಡಿ ಮಾರ್ಜ್. ನಾವು ಎಷ್ಟು ಸಭ್ಯವಾಗಿ ನಡ್ಕೊಂಡಿದ್ದೀವಿ ಅಂತ ಅವರಿಗೆ ಗೊತ್ತಾಗ್ಬೇಕು.”



ಊರಿನ ಸಭಾಭವನದಲ್ಲಿ ವಿಚಾರಣೆ. ದೂರದಿಂದ ಬಂದ ಅಧಿಕಾರಿ ಮೇಜಿನ ಹಿಂದೆ ಕೂತಿದ್ದ. ವೆರಿಟಿಯ ಪರವಾಗಿ ಒಬ್ಬ ವಕೀಲೆ, ನೆಗಡಿಯಾಗಿ ಮೂಗು ಕೆಂಪಾಗಿದ್ದ ಸಣ್ಣ ಹೆಂಗಸು. ಮಾರ್ಜ್ ಮೊದಲು ಎದ್ದಳು. ‘ನಾನು ದಿನಾ ಆ ದಾರೀಲಿ ಹೋಗ್ತಿದ್ದೆ, ನನ್ನ ಗಂಡನಿಗೆ ಟೀ ಕುಡಿಸೋಕೆ. ಯಾರನ್ನೂ ಕೇಳಿಲ್ಲ. ಯಾಕೆ ಕೇಳ್ಬೇಕು?’ ಅಂದಳು. ಕಲ್ಲಿನ ಹಾಗೆ ಗಟ್ಟಿ ಮಾತು. ವಕೀಲೆ ಏನೂ ಕೇಳದೆ ಮೂಗು ಒರೆಸಿಕೊಂಡಳು. ಆಮೇಲೆ ಮರ್ವಿನ್ ಎದ್ದ, ಬಿಲ್ಲೆ ಮಿರಮಿರ ಮಿಂಚುತ್ತಿತ್ತು.

“ಮಿಸ್ಟರ್ ಪಿಲ್ಬೀಮ್,” ವಕೀಲೆ ಬೆಣ್ಣೆಯಂಥ ದನಿಯಲ್ಲಿ ಕೇಳಿದಳು, “ಬೇರೆಯವರ ಹೊಲ ಅಲ್ವಾ? ಹಾಗೇ ನುಗ್ತಿದ್ರಾ?”

ಮರ್ವಿನ್ ಮುಖ ಕೆಂಪಾಯಿತು. “ನುಗ್ಗೋದಾ? ಖಂಡಿತ ಇಲ್ಲ ಮೇಡಂ! ಪ್ರತಿ ವರ್ಷ ನಾನೇ ಖುದ್ದಾಗಿ ಹೋಗಿ ಗೊರಿಂಜ್ ಅವರ ಒಪ್ಪಿಗೆ ತಗೊಳ್ತಿದ್ದೆ.”

ಹಾಲ್‌ನಲ್ಲಿ ಯಾರದೋ ಕುರ್ಚಿ ಕಿರ್ ಅಂದಿತು.

“ಬರೀ ನಿಮ್ಮ ನಡಿಗೆ ತಂಡಕ್ಕೆ ಮಾತ್ರವಾ?”

“ಅಲ್ಲಲ್ಲ, ಇಡೀ ಊರಿಗೆ. ವಾರ್ಷಿಕ ಸಭೆಯಲ್ಲಿ ಎಲ್ಲರಿಗೂ ತಿಳಿಸ್ತಿದ್ದೆ, ಎಲ್ಲರೂ ಚಪ್ಪಾಳೆ ತಟ್ತಿದ್ರು.”

“ಮಿಸೆಸ್ ಟ್ರಿಗ್ ಆ ಸಭೆಗೆ ಬರ್ತಿದ್ರಾ?”

“ತಪ್ಪದೇ ಬರ್ತಿದ್ರು! ನಿಂಬೆ ಕೇಕ್ ಅವರದ್ದೇ.”

“ಒಂದ್ವೇಳೆ ಗೊರಿಂಜ್ ಅವರು ಬೇಡ ಅಂದಿದ್ರೆ?”

ಆ ಕ್ಷಣದಲ್ಲಾದರೂ ಅವನ ತಲೆಗೆ ಹೊಳೆಯಬೇಕಿತ್ತು. ನಾನು ಮುಂದಿನ ಸಾಲಿನಿಂದ ಕಣ್ಣು ಕೆಕ್ಕರಿಸಿದೆ, ಕೆಮ್ಮಿದೆ, ಬೆಂಚಿನ ಕಾಲು ಒದ್ದೆ. ಅವನು ನನ್ನ ಕಡೆ ತಿರುಗಿ, ‘ನೀರು ಬೇಕಾ ಬೆರಿಲ್?’ ಅಂತ ಕೇಳಿ, ಮತ್ತೆ ವಕೀಲೆಯ ಕಡೆ ತಿರುಗಿದ.

“ಬೇಡ ಅಂದಿದ್ರೆ ನಾವ್ಯಾರೂ ಕಾಲಿಡ್ತಿರಲಿಲ್ಲ ಮೇಡಂ. ಸಭ್ಯತೆ ಅನ್ನೋದು ಒಂದಿದೆಯಲ್ಲ.”

ವಕೀಲೆ ಥ್ಯಾಂಕ್ಸ್ ಹೇಳಿ ಕೂತಳು. ಮರ್ವಿನ್ ಸಂತೋಷದಿಂದ ನಮ್ಮ ಕಡೆ ನೋಡಿದ. ಮಾರ್ಜ್ ಕೈಚೀಲದ ಹಿಡಿಯನ್ನು ತಿರುಚುತ್ತಾ ನೆಲ ನೋಡುತ್ತಿದ್ದಳು. ತೀರ್ಪು ಬರಲು ಕೆಲವು ವಾರ ಹಿಡಿಯಿತು, ಆದರೆ ದಾರಿ ಹೋಗಿದ್ದು ಆ ಮಧ್ಯಾಹ್ನವೇ. ಜನ ಓಡಾಡಿದ್ದೆಲ್ಲ ಯಜಮಾನನ ದಯೆಯಿಂದ, ಆ ದಯೆ ಅವನ ಜೊತೆಗೇ ಮಣ್ಣಾಯಿತು ಅಂತ ಅಧಿಕಾರಿ ಬರೆದ. ಮರ್ವಿನ್‌ಗೆ ಅರ್ಥವಾಗಲಿಲ್ಲ. ‘ನಾನು ನಿಜವನ್ನೇ ಹೇಳಿದ್ನಲ್ಲ’ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ. ನಿಜವನ್ನೇ ಹೇಳಿದ, ಅದನ್ನು ತಯಾರು ಮಾಡಿದವನೂ ಅವನೇ! ಅವನನ್ನು ಹಿಡಿದು ಆ ಮಾರ್ಮಲೇಡಿನ ಪಾತ್ರೆಗೇ ಅದ್ದಬೇಕು ಅನ್ನಿಸಿತ್ತು ನನಗೆ.

ಬಿಡುವಾದ ದಿನ ನಾನು ಮಾರ್ಜ್‌ಳನ್ನು ಕಾರಿನಲ್ಲಿ ಬಿಟ್ಟು ಬರುತ್ತಿದ್ದೆ. ಉಳಿದ ದಿನ ಲಾರಿ ರಸ್ತೆ. ಮಳೆ ಜೋರಾದಾಗ ಅವಳಿಗೆ ಹೋಗಲಾಗುತ್ತಿರಲಿಲ್ಲ, ಅವತ್ತು ಲೆನ್ ಏನೂ ಕುಡಿಯುತ್ತಿರಲಿಲ್ಲ. ಮನುಷ್ಯ ಇಳಿದುಹೋದ. ‘ಅವನ ಮಣಿಕಟ್ಟು ನನ್ನ ಎರಡು ಬೆರಳಿಗೆ ಸಿಗುತ್ತೆ ಬೆರಿಲ್’ ಅಂದಳು ಒಂದು ದಿನ.

ಇಂಥದ್ದರಲ್ಲಿ ಒಂದು ಸಂಜೆ ಮರ್ವಿನ್ ಕುಣಿದುಕೊಂಡು ಪಬ್ಬಿಗೆ ಬಂದ.

“ಮಾರ್ಜ್, ಸಿಹಿ ಸುದ್ದಿ! ನಾನು ಹೋಗಿ ವೆರಿಟಿ ಅವರ ಹತ್ರ ಮಾತಾಡ್ದೆ. ನಿಮ್ಮ ಪರಿಸ್ಥಿತಿ ಎಲ್ಲಾ ವಿವರಿಸ್ದೆ. ಎಷ್ಟು ಒಳ್ಳೆಯವರು ಅಂತೀರಾ! ಬುಧವಾರ ಕುದುರೆಗಳನ್ನ ಹೊರಗೆ ಬಿಡಲ್ಲವಂತೆ, ಅವತ್ತು ಗೇಟು ತೆಗೆಸ್ತಾರಂತೆ. ಪ್ರತಿ ಬುಧವಾರ!”

ಮಾರ್ಜ್ ಲೋಟ ಕೆಳಗಿಟ್ಟಳು.

“ನನ್ನ ಪರವಾಗಿ ನೀನು ಹೋಗಿ ಕೇಳಿದ್ಯಾ?”

“ಅದಕ್ಕೇನು ಬಿಡಿ, ನೆರೆಹೊರೆ ಅಂದ್ಮೇಲೆ—”

“ಲೆನ್ ಬುಧವಾರ ಮಾತ್ರ ನನ್ನ ಗಂಡನಾ? ಉಳಿದ ದಿನ ಯಾರ ಗಂಡ ಅಂತ ಕೇಳ್ಕೊಂಡು ಬಂದ್ಯಾ?”

ಪಬ್ಬಿನಲ್ಲಿ ಡಾರ್ಟ್ಸ್ ಆಡುತ್ತಿದ್ದವರು ಕೈ ಎತ್ತಿದ್ದು ಎತ್ತಿದ ಹಾಗೇ ನಿಂತರು. ಮರ್ವಿನ್ ಅಭ್ಯಾಸಬಲದಿಂದ ‘ಕ್ಷಮಿಸಿ’ ಅಂದ. ಮಾರ್ಜ್ ಕೋಟು ಹಾಕಿಕೊಂಡು ಹೊರಟುಹೋದಳು.

ಮರುದಿನ ಗುರುವಾರ. ಮಧ್ಯಾಹ್ನ ಕಿಟಕಿಯಲ್ಲಿ ನೋಡುತ್ತೇನೆ, ಕೆಂಪು ಕೋಟು ಚರ್ಚಿನ ಕಡೆ ಹೋಗುತ್ತಿದೆ. ಒಲೆ ಆರಿಸಿ ಓಡಿದೆ. ನಾನು ತಲುಪುವಷ್ಟರಲ್ಲಿ ಅವಳು ಗೇಟಿನ ಮೇಲಿನ ಕಂಬಿಯ ಮೇಲೆ ಕಾಲು ಹಾಕಿ ಕೂತಿದ್ದಳು, ವಯಸ್ಸಾದ ಹೆಂಗಸು, ಸ್ಕರ್ಟು ತೊಡೆಯವರೆಗೆ ಸರಿದಿತ್ತು. ‘ಬಂದ್ಯಾ? ಚೀಲ ಹಿಡ್ಕೋ’ ಅಂದಳು. ಹಿಡಿದುಕೊಂಡೆ, ಹಿಂದೆಯೇ ನಾನೂ ಹತ್ತಿದೆ. ನನ್ನ ಮೈಭಾರಕ್ಕೆ ಗೇಟು ನರಳಿತು, ಮುರಿಯಲಿಲ್ಲ. ಹುಲ್ಲಿನ ನಡುವೆ ನಡೆದೆವು. ಕುದುರೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು.

ವೆರಿಟಿ ಮನೆಯಿಂದ ಹೊರಬಂದು ಗೇಟಿನ ಹತ್ತಿರ ಬಂದ. “ಮಿಸೆಸ್ ಟ್ರಿಗ್! ನಾವು ಬುಧವಾರ ಅಂತಲ್ವಾ ಮಾತಾಡಿಕೊಂಡಿದ್ದು?”

“ನಾನು ಯಾರ ಹತ್ರಾನೂ ಏನೂ ಮಾತಾಡಿಲ್ಲ,” ಅಂದಳು ಮಾರ್ಜ್, ನಿಲ್ಲದೆ.

ಅಷ್ಟರಲ್ಲಿ ಮರ್ವಿನ್ ಏದುಸಿರು ಬಿಡುತ್ತಾ ಓಡಿಬಂದ. ಗೇಟಿನ ಆಚೆ ನಿಂತು ವೆರಿಟಿಗೆ ಕ್ಷಮೆ ಕೇಳಲು ಶುರುಮಾಡಿದ. ಆಗ ಮಾರ್ಜ್ ನಿಂತು ತಿರುಗಿದಳು.

“ಮರ್ವಿನ್! ಬರೋದಾದ್ರೆ ಬಾಯಿ ಮುಚ್ಕೊಂಡು ಬಾ. ಬಂದು ಲೆನ್ ಹೇಗಿದ್ದಾನೆ ಅಂತ ಕಣ್ಣಾರೆ ನೋಡು.”

ಅವನ ಮುಖ ನನಗೆ ಕಂಡಿತು. ಒಂದು ಗಳಿಗೆ, ಅವನು ಬಂದೇ ಬರುತ್ತಾನೆ ಅನ್ನಿಸಿತು. ಗೇಟಿನ ಮೇಲೆ ಕೈ ಇಟ್ಟ, ಒಂದು ಕಾಲನ್ನು ಕೆಳಗಿನ ಕಂಬಿಯ ಮೇಲೂ ಇಟ್ಟ. ನನಗೆ, ಅವನನ್ನು ಕಂಡರೆ ಮೈ ಉರಿಯುವ ನನಗೆ, ‘ಹತ್ತೋ, ಹತ್ತು’ ಅಂತ ಕೂಗಬೇಕೆನಿಸಿತು.

ಅವನು ಟೋಪಿ ತೆಗೆದ. ವೆರಿಟಿಯ ಕಡೆ ತಿರುಗಿದ.

“ನಾನೂ ಅವರ ಜೊತೆ ಹೋಗಿ ಬಂದ್ರೆ ತಮ್ಮ ಅಭ್ಯಂತರ ಇಲ್ಲ ತಾನೆ?”

“ಇವತ್ತು ಗುರುವಾರ ಅಲ್ವಾ ಮಿಸ್ಟರ್ ಪಿಲ್ಬೀಮ್,” ಅಂದ ವೆರಿಟಿ, ತುಂಬಾ ಸೌಜನ್ಯದಿಂದ.

“ಹೌದು, ಹೌದು. ಕ್ಷಮಿಸಿ,” ಅಂದು ಮರ್ವಿನ್ ಕಾಲು ಕೆಳಗಿಳಿಸಿದ.

ಮಾರ್ಜ್ ಅದನ್ನು ನೋಡಲು ನಿಂತಿರಲಿಲ್ಲ. ಅವಳು ಆಗಲೇ ಹಳ್ಳದ ಹಲಗೆಯ ಮೇಲಿದ್ದಳು.